ಮಂಡಿ ಆಪರೇಷನ್ ಆದಮೇಲೆ ಬಿಗಿ ಕಾಲುಚೀಲ: ಹಾಕುವುದು ಹೇಗೆ, ನಿಭಾಯಿಸುವುದು ಹೇಗೆ?

ಮಂಡಿ ಕೀಲು ಬದಲಿಸಿಕೊಂಡು ಮನೆಗೆ ಬಂದವರು ನೋವಿಗೆ ಸಿದ್ಧರಾಗಿರುತ್ತಾರೆ, ಫಿಸಿಯೋಥೆರಪಿಗೂ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾರೆ. ಅವರ ತಾಳ್ಮೆ ಕೆಡಿಸುವುದು ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಒಂದೇ ಸಾಲಲ್ಲಿ ಬರೆದಿರುವ ಸ್ಟಾಕಿಂಗ್ಸ್, ಅಂದರೆ ಈ ಬಿಗಿ ಕಾಲುಚೀಲ. ‘ಕಿತ್ತಾಕ್ಬುಡು ಮಗಾ, ಕಾಲು ಜೋಮು ಹಿಡ್ದಂಗಾಯ್ತದೆ’ ಎಂದು ಮಂಡ್ಯ ಕಡೆಯ ಅವ್ವಂದಿರು ಎರಡು ಮೂರು ದಿನಕ್ಕೇ ಗೋಗರೆಯುತ್ತಾರೆ. ಮಕ್ಕಳಿಗೂ ಕರುಳು ಚುರ್ರೆನ್ನುತ್ತದೆ, ಕಿತ್ತು ಮೂಲೆಗಿಡುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ಕಾಲುಚೀಲದ ಅಳತೆಯಲ್ಲಿ, ಇಲ್ಲವೇ ಅದನ್ನು ಹಾಕುವ ರೀತಿಯಲ್ಲಿ. ಇವೆರಡನ್ನು ಸರಿಪಡಿಸಿಕೊಂಡರೆ ದಿನ ದೂಡುವುದು ಅಷ್ಟು ಕಷ್ಟವಲ್ಲ.

ಇದು ಏಕೆ ಬೇಕು ಎಂಬುದನ್ನು ರೋಗಿಗೆ ಬಿಡಿಸಿ ಹೇಳಬೇಕು. ಆಪರೇಷನ್ ಆದ ಕಾಲು ಹೆಚ್ಚು ಅಲುಗಾಡುವುದಿಲ್ಲ, ರಕ್ತದ ಓಟ ನಿಧಾನವಾಗುತ್ತದೆ. ಮೀನಖಂಡದ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಈ ವಾರಗಳಲ್ಲಿ ಜಾಸ್ತಿ. ಆ ಹೆಪ್ಪಿನ ಚೂರು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಕಾಲುಚೀಲ ಪಾದದ ಗಂಟಿನ ಬಳಿ ಹೆಚ್ಚು ಬಿಗಿಯಾಗಿದ್ದು ಮೇಲೆ ಹೋದಂತೆ ಸಡಿಲವಾಗುತ್ತದೆ, ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಬಿಳಿ ಸ್ಟಾಕಿಂಗ್ಸ್‌ನ ಒತ್ತಡ ಸಾಮಾನ್ಯವಾಗಿ ಗಂಟಿನ ಬಳಿ 18 ಎಂಎಂ ಎಚ್‌ಜಿ (ಬಿಪಿ ಅಳೆಯುವ ಅದೇ ಮಾನ), ತೊಡೆಯ ಬಳಿ 8ರಷ್ಟು. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಇಂಜೆಕ್ಷನ್ ಬರೆದಿದ್ದರೆ ಅದನ್ನು ತಪ್ಪಿಸುವಂತಿಲ್ಲ, ಕಾಲುಚೀಲ ಅದಕ್ಕೆ ಬದಲಿಯಲ್ಲ. ಎಲ್ಲ ಸರ್ಜನ್‌ಗಳೂ ಸ್ಟಾಕಿಂಗ್ಸ್ ಬರೆಯುವುದಿಲ್ಲ. ಹಾಗಾಗಿ ‘ಪಕ್ಕದ ಬೀದಿಯವರಿಗೆ ಹೇಳಿಲ್ಲವಲ್ಲ’ ಎಂದು ಹೋಲಿಸಿಕೊಂಡು ಬಿಡುವುದು ಬೇಡ.

ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು, ಬೀಡಿ–ಸಿಗರೇಟಿನಿಂದಲೋ ಬೇರೆ ಕಾರಣದಿಂದಲೋ ಕಾಲಿನ ರಕ್ತನಾಳ ಕಿರಿದಾದವರು ವೈದ್ಯರಿಗೆ ಮೊದಲೇ ತಿಳಿಸಲೇಬೇಕು. ಅಂಥವರಿಗೆ ಈ ಬಿಗಿತವೇ ಹಾನಿ ಮಾಡಬಹುದು.

ಅಳತೆ ತೆಗೆಯುವುದು

ಮೈಸೂರಿನ ಕೆ.ಆರ್. ಆಸ್ಪತ್ರೆ ಸುತ್ತಮುತ್ತಲ ಅಂಗಡಿಗೋ ಮಂಡ್ಯದ ಮೆಡಿಕಲ್ ಸ್ಟೋರಿಗೋ ಹೋಗಿ ‘ಒಂದು ಮೀಡಿಯಂ ಕೊಡಿ’ ಎನ್ನಬೇಡಿ. ಬೆಳಿಗ್ಗೆ ರೋಗಿ ಹಾಸಿಗೆಯಿಂದ ಇಳಿಯುವ ಮುಂಚೆ ಟೈಲರ್ ಟೇಪ್ ಹಿಡಿಯಿರಿ. ಪಾದದ ಗಂಟಿನ ಮೇಲೆ ತೀರಾ ಸಣ್ಣಗಿರುವ ಜಾಗ, ಮೀನಖಂಡದ ದಪ್ಪನೆಯ ಜಾಗ, ಹಿಮ್ಮಡಿಯಿಂದ ಮಂಡಿಯ ಹಿಂದಿನ ಮಡಿಕೆವರೆಗಿನ ಉದ್ದ. ತೊಡೆಯವರೆಗಿನದಾದರೆ ತೊಡೆಯ ಸುತ್ತಳತೆಯೂ ಬೇಕು. ಚೀಟಿಯಲ್ಲಿ ಬರೆದುಕೊಂಡು, ಡಬ್ಬಿಯ ಹಿಂದಿನ ಪಟ್ಟಿಗೆ ತಾಳೆ ನೋಡಿ ಕೊಳ್ಳಿ. ಆಪರೇಷನ್ ಆದ ಕಾಲು ಊದಿರುವುದರಿಂದ ಎರಡು ಕಾಲಿಗೆ ಎರಡು ಸೈಜ್ ಬೇಕಾಗಬಹುದು. ಊತ ಇಳಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಮಂಡಿಯವರೆಗಿನದೋ ತೊಡೆಯವರೆಗಿನದೋ ಎಂಬುದನ್ನು ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ. ರಾತ್ರಿಯೂ ಹಾಕಿರಬೇಕೇ, ಎಷ್ಟು ವಾರ ಎಂಬ ಎರಡು ಪ್ರಶ್ನೆಗಳನ್ನೂ ಮರೆಯಬೇಡಿ.

ಹಾಕುವ ಕ್ರಮ

ರೋಗಿ ತಾನೇ ಹಾಕಿಕೊಳ್ಳುವುದು ಮೊದಲ ಕೆಲವು ವಾರ ಆಗದ ಮಾತು. ಮಂಡಿ ಅಷ್ಟು ಮಡಚುವುದಿಲ್ಲ, ಕೈ ಪಾದಕ್ಕೆ ಎಟುಕುವುದಿಲ್ಲ. ಮಗಳೋ ಸೊಸೆಯೋ ಮಗನೋ ಕಲಿಯಬೇಕು. ಆಸ್ಪತ್ರೆಯಲ್ಲಿ ನರ್ಸ್ ಹಾಕುವಾಗ ನಿಂತು ನೋಡಿ, ಒಂದು ಸಲ ಅವರೆದುರೇ ಹಾಕಿ ತೋರಿಸಿದರೆ ಅರ್ಧ ಕೆಲಸ ಮುಗಿಯಿತು.

ಬೆಳಿಗ್ಗೆ ಕಾಲು ಕೆಳಗಿಡುವ ಮುನ್ನ ಹಾಕುವುದು ಲೇಸು, ಊತ ಆಗ ಕಡಿಮೆ. ಆಗಲೇ ಎದ್ದು ಓಡಾಡಿದ್ದರೆ ಮಲಗಿಸಿ, ದಿಂಬಿನ ಮೇಲೆ ಕಾಲೆತ್ತಿಟ್ಟು ಕಾಲು ಗಂಟೆ ಬಿಡಿ. ದಿಂಬು ಹಿಮ್ಮಡಿ ಕಡೆಗಿರಲಿ, ಮಂಡಿಯ ಕೆಳಗೆ ಬೇಡ. ಕಾಲುಂಗುರ, ಕಾಲ್ಗೆಜ್ಜೆ ತೆಗೆಯಿರಿ. ಉಂಗುರದ ತುದಿ ಸಿಕ್ಕಿಕೊಂಡರೆ ನೂಲು ಹರಿಯುತ್ತದೆ, ಕೆಳಗಿನ ಚರ್ಮವೂ ಗಾಯವಾಗುತ್ತದೆ. ಮುತ್ತೈದೆಯರು ಕಾಲುಂಗುರ ಬಿಚ್ಚಲು ಒಪ್ಪದಿದ್ದರೆ ಬೆರಳು ತೆರೆದಿರುವ ಮಾದರಿ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಚರ್ಮ ಪೂರ್ತಿ ಒಣಗಿರಬೇಕು. ಕೊಬ್ಬರಿ ಎಣ್ಣೆ, ಕ್ರೀಮ್ ಹಚ್ಚಿದ ಕಾಲಿಗೆ ಇದು ಏರುವುದೇ ಇಲ್ಲ. ಹೊಲಿಗೆ ಬಿಟ್ಟು ಉಳಿದ ಕಡೆಗೆ ತೆಳುವಾಗಿ ಪೌಡರ್ ಹಾಕಿದರೆ ಜಾರುತ್ತದೆ.

ಇನ್ನು ಮುಖ್ಯ ಕೆಲಸ. ಬಹುತೇಕ ಮನೆಗಳಲ್ಲಿ ದಿಂಬಿಗೆ ಗವಸು ತೊಡಿಸುವಂತೆ ಮೇಲಂಚು ಹಿಡಿದು ಎಳೆಯುತ್ತಾರೆ. ಅದು ಬೇಡ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಹಿಡಿತ ಸಿಗುತ್ತದೆ, ಉಗುರೂ ತಾಗುವುದಿಲ್ಲ. ಕೈಯನ್ನು ಚೀಲದೊಳಗೆ ತೂರಿಸಿ ಹಿಮ್ಮಡಿಯ ಜಾಗವನ್ನು ಒಳಗಿನಿಂದ ಹಿಡಿದುಕೊಂಡು, ಅಲ್ಲಿಯವರೆಗೂ ಒಳಮೈ ಹೊರಗೆ ಬರುವಂತೆ ತಿರುವಿ. ಈಗ ಉಳಿದಿರುವುದು ಪಾದದಷ್ಟು ಭಾಗ ಮಾತ್ರ. ಅದನ್ನು ಬೆರಳಿನಿಂದ ಹಿಮ್ಮಡಿಗೆ ತೊಡಿಸಿ, ಹಿಮ್ಮಡಿಯ ಗುರುತು ಸರಿಯಾಗಿ ಹಿಮ್ಮಡಿಯ ಮೇಲೇ ಕೂತಿದೆಯೇ ನೋಡಿ. ಅದು ಓರೆಯಾದರೆ ಮೇಲಿನದೆಲ್ಲ ತಿರುಚಿಕೊಳ್ಳುತ್ತದೆ. ಆಮೇಲೆ ಚೂರು ಚೂರೇ ಮೇಲಕ್ಕೆ ಬಿಡಿಸಿಕೊಂಡು, ಪ್ರತಿ ಸಲವೂ ಅಂಗೈಯಿಂದ ಸವರಿ ಸುಕ್ಕು ತೆಗೆಯಿರಿ. ಬೆರಳು ತೆರೆದಿರುವ ಮಾದರಿಯಾದರೆ ಪಾದಕ್ಕೆ ಮೊದಲು ನುಣುಪಾದ ಪ್ಲಾಸ್ಟಿಕ್ ಕವರ್ ತೊಡಿಸಿ ಅದರ ಮೇಲೆ ಜಾರಿಸಬಹುದು, ಕೊನೆಗೆ ಕವರನ್ನು ಬೆರಳ ಕಡೆಯಿಂದ ಎಳೆದು ತೆಗೆದರಾಯಿತು. ತೊಡೆಯವರೆಗಿನದನ್ನು ಹೊಲಿಗೆಯ ಮೇಲೆ ಉಜ್ಜುವಂತಿಲ್ಲ. ಎರಡೂ ಕೈಯಿಂದ ಅಗಲಿಸಿ ಗಾಯವನ್ನು ದಾಟಿಸಿ.

ಮಂಡಿಯವರೆಗಿನದಾದರೆ ಮೇಲಂಚು ಮಂಡಿಯ ಮಡಿಕೆಗಿಂತ ಎರಡು ಬೆರಳು ಕೆಳಗಿರಲಿ. ಉದ್ದ ಹೆಚ್ಚಾಯಿತೆಂದು ಮಡಚಬೇಡಿ. ಮಡಚಿದ ಕಡೆ ಒತ್ತಡ ಹೆಚ್ಚಾಗಿ, ಮೇಲಕ್ಕೆ ಹೋಗಬೇಕಾದ ರಕ್ತವನ್ನು ಅದೇ ತಡೆಯುತ್ತದೆ. ಹತ್ತು ನಿಮಿಷ ಬಿಟ್ಟು ಬೆರಳು ಮುಟ್ಟಿ ನೋಡಿ. ತಣ್ಣಗಾಗಿದ್ದರೆ, ನೀಲಿಗಟ್ಟಿದ್ದರೆ, ಜೋಮು ಹಿಡಿದಿದ್ದರೆ ಕೂಡಲೇ ತೆಗೆದು ವೈದ್ಯರಿಗೆ ಫೋನ್ ಮಾಡಿ.

ದಿನದ ಪಾಡು

ದಿನಕ್ಕೊಮ್ಮೆ ತೆಗೆದು, ಕಾಲು ಒರೆಸಿ, ಚರ್ಮ ನೋಡಿ ಅರ್ಧ ಗಂಟೆಯೊಳಗೆ ಮತ್ತೆ ಹಾಕಿ. ಹಿಮ್ಮಡಿಯನ್ನು ಎತ್ತಿ ಹಿಂಬದಿ ನೋಡಲೇಬೇಕು. ಮಲಗೇ ಇರುವವರಿಗೆ ಗುಳ್ಳೆ ಏಳುವುದು ಅಲ್ಲೇ, ಮರಗಟ್ಟಿದ ಪಾದಕ್ಕೆ ಅದು ಗೊತ್ತೂ ಆಗುವುದಿಲ್ಲ. ಕೆಂಪು ಗುರುತು ಮಾಯದಿದ್ದರೆ ವೈದ್ಯರಿಗೆ ತೋರಿಸಿ.

ಎರಡು ಜೊತೆ ಇರಲಿ. ಸೌಮ್ಯ ಸೋಪಿನ ನೀರಲ್ಲಿ ಕೈಯಲ್ಲೇ ಒಗೆದು, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ. ಏಪ್ರಿಲ್ ಬಿಸಿಲಿನ ತಾರಸಿ ಎಲಾಸ್ಟಿಕ್‌ಗೆ ಶತ್ರು.

ನನಗೆ ಹೆಚ್ಚು ಭಯವಾಗುವುದು ನೆಲದ ಬಗ್ಗೆ. ಮೈಸೂರಿನ ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲವಾಗಲಿ, ಹೊಸ ಮನೆಯ ಟೈಲ್ಸ್ ಆಗಲಿ, ಈ ಕಾಲುಚೀಲದಲ್ಲಿ ಕಾಲಿಟ್ಟರೆ ಜಾರುತ್ತದೆ. ಮಡಿ, ದೇವರ ಮನೆ ಎಂದು ಹಿರಿಯರು ಒಳಗೆ ಚಪ್ಪಲಿ ಮೆಟ್ಟಲು ಒಪ್ಪುವುದಿಲ್ಲ. ಮನೆಯೊಳಗಷ್ಟೇ ಬಳಸುವ, ಹಿಮ್ಮಡಿಗೆ ಪಟ್ಟಿಯಿರುವ ಹೊಸ ರಬ್ಬರ್ ಚಪ್ಪಲಿ ತಂದುಕೊಟ್ಟು ಹೇಗಾದರೂ ಒಪ್ಪಿಸಿ. ಬದಲಿಸಿದ ಮಂಡಿಯ ಮೇಲೆ ಬಿದ್ದರೆ ಪಟ್ಟ ಪಾಡೆಲ್ಲ ನೀರುಪಾಲು.

ನೋಡಲು ಬಂದ ನೆಂಟರು ‘ಬಿಸಿ ಎಣ್ಣೆ ಹಚ್ಚಿ ಮೀನಖಂಡ ನೀವಿ’ ಎನ್ನುತ್ತಾರೆ. ಖಂಡಿತ ಬೇಡ. ಒಳಗೆ ಹೆಪ್ಪು ಇದ್ದರೆ ನೀವಿದಾಗ ಕಳಚಬಹುದು. ಅದರ ಬದಲು ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಲಿ, ಫಿಸಿಯೋ ಹೇಳಿದಷ್ಟು ನಡೆಯಲಿ.

ಊತ ಕೆಲವು ವಾರ ಇರುವುದು, ಕಂದು–ನೀಲಿ ಬಣ್ಣ ಮಂಡಿಯಿಂದ ಪಾದಕ್ಕೆ ಇಳಿಯುವುದು ಸಾಮಾನ್ಯ. ಆದರೆ ಮೀನಖಂಡದಲ್ಲಿ ಹೊಸದಾಗಿ ನೋವು, ಬಿಸಿ, ಕೆಂಪು ಕಂಡರೆ, ಕಾಲೆತ್ತಿಟ್ಟರೂ ಊತ ಏರುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾದರೆ, ಎದೆ ಹಿಡಿದಂತಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ನಿಲ್ಲಿಸುವ ದಿನವನ್ನು ವೈದ್ಯರೇ ಹೇಳಲಿ. ಕೆಲವರಿಗೆ ಸುಮಾರು 6 ವಾರ, ಕೆಲವರಿಗೆ ಅದಕ್ಕೂ ಮೊದಲೇ. ಆಮೇಲೆ ಉಳಿದ ಜೊತೆಯನ್ನು ಮುಂದೆ ಆಪರೇಷನ್ ಮಾಡಿಸಿಕೊಳ್ಳಲಿರುವ ನೆರೆಯವರಿಗೆ ಕೊಡಬೇಡಿ, ಅದು ನಿಮ್ಮ ಕಾಲಿನ ಅಳತೆಯದು. ಧರ್ಮಸ್ಥಳಕ್ಕೋ ತಿರುಪತಿಗೋ ದೂರದ ಪ್ರಯಾಣವಿದ್ದರೆ ಹಾಕಿಕೊಳ್ಳಬೇಕೇ ಎಂದು ಮುಂದಿನ ತಪಾಸಣೆಯಲ್ಲಿ ಕೇಳಿಕೊಳ್ಳಿ.