ಚರ್ಚಿನ ಹಳೇ ಬಣ್ಣಭೇದ ಗೊತ್ತಾದ್ಮೇಲೆ ನಂಬಿಕೆನ ಏನ್ಮಾಡೋದು

ಬೆಂಗಳೂರಲ್ಲಿ ಎಲ್‌ಡಿಎಸ್ ಚರ್ಚಿಗೆ, ಅದೇ ಜನ ಮಾರ್ಮನ್ ಅಂತಾರಲ್ಲ ಅದಕ್ಕೆ, ಸೇರಿದೋರು ಒಂದಲ್ಲ ಒಂದಿನ ಫೋನಲ್ಲಿ ಇದನ್ನ ಓದೇ ಓದ್ತೀರ: 1852ರಿಂದ 1978ರವರೆಗೂ ಆಫ್ರಿಕನ್ ಮೂಲದ ಗಂಡಸರಿಗೆ ನಮ್ಮ ಚರ್ಚು ಪ್ರೀಸ್ಟ್‌ಹುಡ್, ಅಂದ್ರೆ ದೇವರ ಹೆಸರಲ್ಲಿ ಸಂಸ್ಕಾರ ಮಾಡೋ ಅಧಿಕಾರ, ಕೊಡ್ತಿರ್ಲಿಲ್ಲ, ಆ ಮೂಲದ ಹೆಂಗಸರು ಗಂಡಸರು ಇಬ್ಬರಿಗೂ ಟೆಂಪಲ್ (ಭಾನುವಾರದ ಚರ್ಚಲ್ಲ, ವಿಶೇಷ ಸಂಸ್ಕಾರಗಳಿಗೆ ಅಂತಲೇ ಇರೋ ಮಂದಿರ) ಒಳಗಿನ ಮುಖ್ಯ ಸಂಸ್ಕಾರಗಳೂ ಇರ್ಲಿಲ್ಲ. ಓದಿದ್ಮೇಲೆ ಹೊಟ್ಟೆಲಿ ಒಂಥರಾ ಆಗುತ್ತೆ. ಆಗ ಏನ್ಮಾಡೋದು ಅಂತ ನನಗೆ ತಿಳಿದಷ್ಟು ಬರೀತಿದೀನಿ.

ಮೊದ್ಲು ಇದನ್ನ ಚಿಕ್ಕದು ಮಾಡ್ಬೇಡಿ. ನಮ್ಮಲ್ಲಿ ಪ್ರೀಸ್ಟ್‌ಹುಡ್ ಅಂದ್ರೆ ಪಾದ್ರಿ ಕೆಲಸ ಅಲ್ಲ, 12 ತುಂಬೋ ವರ್ಷದ ಹುಡುಗರಿಂದ ಹಿಡಿದು ಹೆಚ್ಚುಕಮ್ಮಿ ಎಲ್ಲ ಗಂಡಸರಿಗೂ ಸಿಗೋದು, ಹಾಗಾಗಿ ಒಬ್ಬ ಕಪ್ಪು ಅಪ್ಪ ತನ್ನ ಮಗನಿಗೆ ತಾನೇ ದೀಕ್ಷಾಸ್ನಾನ ಮಾಡಿಸೋ ಹಾಗಿರ್ಲಿಲ್ಲ, ಓರಗೆ ಹುಡುಗರೆಲ್ಲ ಆರಾಧನೆಲಿ ಸ್ಯಾಕ್ರಮೆಂಟ್ ಬ್ರೆಡ್ (ಯೇಸುನ ನೆನೆದು ತಿನ್ನೋ ರೊಟ್ಟಿ) ಹಂಚ್ತಿದ್ರೆ ಆ ಮಗು ಕೂತು ನೋಡ್ಬೇಕಿತ್ತು.

ಆಮೇಲೆ ಇಸವಿಗಳನ್ನ ಸಾಲಾಗಿ ಇಟ್ಕೊಂಡು ಓದಿ, ಇದು ಬಹಳ ಹೆಲ್ಪ್ ಮಾಡುತ್ತೆ. ಎಲೈಜಾ ಏಬಲ್ ಅನ್ನೋ ಕಪ್ಪು ಮನುಷ್ಯನಿಗೆ 1836ರಲ್ಲೇ, ಚರ್ಚ್ ಶುರು ಮಾಡಿದ ಜೋಸೆಫ್ ಸ್ಮಿತ್ ಬದುಕಿದ್ದಾಗಲೇ, ಪ್ರೀಸ್ಟ್‌ಹುಡ್ ಸಿಕ್ಕಿತ್ತು. ನಿಷೇಧನ ಬಹಿರಂಗವಾಗಿ ಹೇಳಿದ್ದು 1852ರಲ್ಲಿ, ಸ್ಮಿತ್ ಆದ್ಮೇಲೆ ಚರ್ಚ್ ನಡೆಸಿದ ಬ್ರಿಗಮ್ ಯಂಗ್. ಅಂದ್ರೆ "ಮೊದಲಿಂದ್ಲೂ ಹಂಗೇ ಇತ್ತು" ಅನ್ನೋ ಮಾತು ಅಲ್ಲೇ ಬಿದ್ದೋಯ್ತು.

ಮೂರನೇದು, ನನಗೆ ಜಾಸ್ತಿ ಉರಿಯೋದು ಇದೇ. ಈ ನಿಷೇಧಕ್ಕೆ ಕಾರಣ ಕೊಡೋಕೆ ಬೈಬಲ್‌ನಲ್ಲಿ ತಮ್ಮನ್ನ ಕೊಂದ ಕಾಯಿನನ ಶಾಪ ಇವರ ಮೇಲಿದೆ ಅಂತಿದ್ರು, ಹುಟ್ಟೋಕ್ಮುಂಚೆ ಆತ್ಮಲೋಕದಲ್ಲಿ ಇವರು ನಿಷ್ಠೆಯಿಂದ ಇರ್ಲಿಲ್ಲ ಅಂತಿದ್ರು. ಎಲ್ಲೋ ಕೇಳಿದಂಗಿದೆ ಅಲ್ವಾ? ಹೋದ ಜನ್ಮದ ಕರ್ಮಕ್ಕೆ ಈ ಜಾತೀಲಿ ಹುಟ್ಟಿದೀಯ ಅಂತ ನಮ್ಮ ತಾತಂದ್ರಿಗೆ ಹೇಳಿದ್ದೂ ಇದೇ ತಾನೇ, ಅದರ ಕಾಟ ತಪ್ಪಲಿ ಅಂತ ಚರ್ಚಿಗೆ ಬಂದೋರಿಗೆ ಇಲ್ಲೂ ಅದೇ ಸಿಕ್ಕಿದ್ರೆ ಹೆಂಗಿರುತ್ತೆ ಹೇಳಿ. ಸದ್ಯ, 2013ರಲ್ಲಿ ಚರ್ಚೇ ತನ್ನ ಲೇಖನದಲ್ಲಿ ಈ ವಾದಗಳನ್ನೆಲ್ಲ ತಳ್ಳಿಹಾಕಿದೆ. ಕ್ಲಾಸಲ್ಲಿ ಇವತ್ತೂ ಯಾರಾದ್ರೂ ದೊಡ್ಡೋರು ಅದನ್ನೇ ಹೇಳಿದ್ರೆ ಸುಮ್ನಿರ್ಬೇಡಿ, "ಅಣ್ಣ, ಅದನ್ನ ಚರ್ಚೇ ಬಿಟ್ಟಿದೆ" ಅಂತ ಮೆತ್ತಗೇ ಹೇಳಿ, ಆದ್ರೆ ಹೇಳಿ.

ಹಾಗಾದ್ರೆ ನಿಷೇಧ ದೇವರದ್ದಾ ಮನುಷ್ಯರದ್ದಾ? ಆ ಲೇಖನ ಇದಕ್ಕೆ ನೇರವಾಗಿ ಉತ್ತರ ಕೊಡಲ್ಲ, ಕ್ಷಮೆನೂ ಕೇಳಲ್ಲ, ಆ ಬೇಜಾರು ನನಗಿದೆ. ನನ್ನ ಮಟ್ಟಿಗೆ ಇದು ಮನುಷ್ಯರ ತಪ್ಪು. ಪ್ರವಾದಿಗಳು, ಅಂದ್ರೆ ನಮ್ಮ ಚರ್ಚಿನ ಅಧ್ಯಕ್ಷರು, ತಪ್ಪು ಮಾಡಲ್ಲ ಅಂತ ಕೂತ್ರೆ ಇದನ್ನ ದೇವರ ತಲೆಗೆ ಕಟ್ಟಬೇಕಾಗುತ್ತೆ, ನನ್ಕೈಲಿ ಅದಾಗಲ್ಲ. ಹಳೇ ವಾದಗಳನ್ನ ಜೋರಾಗಿ ಹೇಳಿದ್ದ ಬ್ರೂಸ್ ಮೆಕಾಂಕಿ ಅನ್ನೋ ಅಪೊಸ್ತಲರೇ (ನಮ್ಮ ಚರ್ಚಿನ ಹಿರಿಯ ನಾಯಕರಲ್ಲಿ ಒಬ್ಬರು) 1978ರ ಆಗಸ್ಟಲ್ಲಿ, ನಾನು ಹೇಳಿದ್ದೆಲ್ಲ ಮರೆತುಬಿಡಿ, ಆಗ ನಮಗೆ ಬೆಳಕು ಕಮ್ಮಿ ಇತ್ತು ಅನ್ನೋ ಅರ್ಥದಲ್ಲಿ ಮಾತಾಡಿದ್ರು.

ಜೇನ್ ಮ್ಯಾನಿಂಗ್ ಜೇಮ್ಸ್ ಬಗ್ಗೆ ತಪ್ಪದೇ ಓದಿ. 1843ರಲ್ಲಿ ಹಡಗು ಹತ್ತೋಕೆ ಬಿಡದೆ ಹೋದಾಗ ಮನೆಯವರ ಜೊತೆ ಸುಮಾರು 800 ಮೈಲಿ ನಡ್ಕೊಂಡು ಆಗ ಚರ್ಚಿನ ಜನ ಸೇರಿದ್ದ ನಾವೂ (Nauvoo) ಅನ್ನೋ ಅಮೆರಿಕದ ಊರು ಸೇರಿದ ಕಪ್ಪು ಹೆಂಗಸು, ಟೆಂಪಲ್ ಸಂಸ್ಕಾರಕ್ಕೆ ವರ್ಷಗಟ್ಟಲೆ ಕೇಳ್ಕೊಂಡ್ರು, ಕೊನೆಗೆ 1894ರಲ್ಲಿ ಕೊಟ್ಟಿದ್ದು ಏನು ಅಂದ್ರೆ ಜೋಸೆಫ್ ಸ್ಮಿತ್ ಮನೆಗೆ ಶಾಶ್ವತ ಸೇವಕಿ ಅನ್ನೋ ಸ್ಥಾನ. 1908ರಲ್ಲಿ ತೀರ್ಕೊಳ್ಳೋವರೆಗೂ ಅವರು ಚರ್ಚ್ ಬಿಡ್ಲಿಲ್ಲ. ಆದ್ರೆ "ಜೇನಮ್ಮನೇ ಬಿಡ್ಲಿಲ್ಲ, ನಿಂದೇನು" ಅಂತ ಬೇರೆಯವರ ಬಾಯಿ ಮುಚ್ಚಿಸೋಕೆ ಅವರ ಕಥೆ ಎಳೀಬೇಡಿ. ಇದನ್ನ ಓದಿ ಚರ್ಚ್ ಬಿಟ್ಟೋರಿಗೂ ನಂಬಿಕೆ ಕಮ್ಮಿ ಅಂತಲ್ಲ.

ಇನ್ನ ಬಿಷಪ್ ಹತ್ರ, ಅಂದ್ರೆ ನಮ್ಮ ಸಭೆನ ಸಂಬಳ ಇಲ್ದೆ ನಡೆಸೋರ ಹತ್ರ, ಕೇಳೋದಾದ್ರೆ ಭಾನುವಾರ ಮೀಟಿಂಗ್ ಮುಗಿದ ಗಡಿಬಿಡೀಲಿ ಬೇಡ, ಟೈಮ್ ಕೇಳ್ಕೊಂಡು ಹೋಗಿ. ಅವ್ರೂ ನಮ್ಮಂಗೇ ವಾರವೆಲ್ಲ ಕೆಲಸಕ್ಕೆ ಹೋಗಿ ಬರೋರು, ಆ ಲೇಖನ ಓದಿರ್ದೇನೂ ಇರ್ಬೋದು, ಹಂಗಿದ್ರೆ ಲಿಂಕ್ ಅವ್ರಿಗೂ ಕಳ್ಸಿ.