ಪರಿಹಾರದ ಪುಸ್ತಕ ತೆರೆಯದೆ ಮಷಿನೇರಿಯಂ ಆಡಿದ್ದು

ವಸ್ತುಗಳ ಮೇಲೆ ಕ್ಲಿಕ್ ಮಾಡುತ್ತ ಒಗಟು ಬಿಡಿಸಿ ಮುಂದೆ ಸಾಗುವ ಮಷಿನೇರಿಯಂ ಎಂಬ ಕಂಪ್ಯೂಟರ್ ಆಟವನ್ನು ಅದರೊಳಗೇ ಇರುವ ಪರಿಹಾರದ ಪುಸ್ತಕವನ್ನು ಒಮ್ಮೆಯೂ ತೆರೆಯದೆ ಮುಗಿಸಬೇಕೆಂದು ನಾನು ನಿಶ್ಚಯಿಸಿಕೊಂಡಿದ್ದೆ. ಚೆಕ್ ದೇಶದ ಯಾಕುಬ್ ದ್ವೋರ್ಸ್ಕಿ ಸ್ಥಾಪಿಸಿದ ಅಮಾನಿಟಾ ಡಿಸೈನ್, ಏಳು ಜನರ ತಂಡದ ಸ್ವಂತ ಉಳಿತಾಯದ ಹಣದಲ್ಲಿ, ಸುಮಾರು ಮೂರು ವರ್ಷ ದುಡಿದು 2009ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ಆಟವಿದು. ನಗರದ ಹೊರಗಿನ ಗುಜರಿ ರಾಶಿಗೆ ಬಂದು ಬಿದ್ದ ಜೋಸೆಫ್ ಎಂಬ ಪುಟ್ಟ ರೋಬೋಟ್ ತನ್ನ ಬಿಡಿಭಾಗಗಳನ್ನು ತಾನೇ ಹುಡುಕಿ ಜೋಡಿಸಿಕೊಂಡು ನಗರಕ್ಕೆ ಮರಳುತ್ತಾನೆ. ಅಲ್ಲಿ ಕಪ್ಪು ಟೋಪಿಯ ಪುಂಡರು ಗೋಪುರಕ್ಕೆ ಬಾಂಬ್ ಇಟ್ಟಿದ್ದಾರೆ, ಅವನ ಗೆಳತಿ ಬೆರ್ತಾಳನ್ನು ಅಡುಗೆಮನೆಯಲ್ಲಿ ಕೂಡಿಹಾಕಿದ್ದಾರೆ.

ಈ ಬಗೆಯ ಬಹುತೇಕ ಆಟಗಳಲ್ಲಿ ಪರದೆಯ ಯಾವ ಮೂಲೆಯಲ್ಲಿರುವ ವಸ್ತುವಿನ ಮೇಲೆ ಕ್ಲಿಕ್ ಮಾಡಿದರೂ ನಾಯಕ ತಾನಾಗಿ ನಡೆದುಹೋಗಿ ಅದನ್ನು ಎತ್ತಿಕೊಳ್ಳುತ್ತಾನೆ. ಇಲ್ಲಿ ಹಾಗಿಲ್ಲ. ಜೋಸೆಫ್‌ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿರುವುದು ಮಾತ್ರ ಕ್ಲಿಕ್ಕಿಗೆ ಸ್ಪಂದಿಸುತ್ತದೆ. ಅವನ ದೇಹವನ್ನು ಮೌಸ್‌ನಿಂದ ಮೇಲಕ್ಕೆಳೆದರೆ ಉದ್ದವಾಗುತ್ತದೆ, ಕೆಳಕ್ಕೊತ್ತಿದರೆ ಕುಳ್ಳಾಗುತ್ತದೆ. ಈ ನಿಯಮವೇ ನನ್ನ ಕ್ರಮವನ್ನು ನಿರ್ಧರಿಸಿತು: ಹೊಸ ದೃಶ್ಯಕ್ಕೆ ಕಾಲಿಟ್ಟೊಡನೆ ಕಂಡಕಂಡಲ್ಲಿ ಕ್ಲಿಕ್ ಮಾಡುವುದನ್ನು ಬಿಟ್ಟು, ಮೊದಲು ಅವನು ನಿಲ್ಲಬಹುದಾದ ಜಾಗಗಳನ್ನೆಲ್ಲ ಗುರುತಿಸಿ, ಪ್ರತಿ ಜಾಗದಲ್ಲೂ ಅವನನ್ನು ಮಾಮೂಲು ಎತ್ತರದಲ್ಲಿ, ಹಿಗ್ಗಿಸಿ, ಕುಗ್ಗಿಸಿ ಸುತ್ತ ನೋಡುತ್ತಿದ್ದೆ. ಯಾವ ಜಾಗದಲ್ಲಿ ಏನು ಎಟುಕಿತೆಂಬುದನ್ನು ಕಾಗದದ ಮೇಲೆ ಒರಟು ನಕ್ಷೆ ಬರೆದು ಗುರುತು ಹಾಕಿಕೊಳ್ಳುತ್ತಿದ್ದೆ. ಆಮೇಲೆ ಒಗಟಿನ ಪ್ರಶ್ನೆ ಬಹಳ ಸಣ್ಣದಾಗಿಬಿಡುತ್ತಿತ್ತು. ಎಟುಕಿದ್ದರಲ್ಲಿ ಯಾವುದು ಎಟುಕದ್ದನ್ನು ಎಟುಕಿಸುತ್ತದೆ ಎಂಬುದಷ್ಟೇ ಉಳಿಯುತ್ತಿತ್ತು.

ನಗರದ ಬಾಗಿಲಿನ ಒಗಟು ಬೇರೆಯೇ ಬಗೆಯದು. ಅಲ್ಲಿನ ಕಾವಲುಗಾರ ಜೋಸೆಫ್‌ನಿಗಾಗಿ ಸೇತುವೆ ಇಳಿಸುವುದಿಲ್ಲ. ಒಳಗೆ ಹೋಗಲು ಯಾರಿಗೆ ಅನುಮತಿಯಿದೆ, ಅವರ ಗುರುತೇನು ಎಂಬುದನ್ನು ನೋಡಬೇಕು: ತಲೆಯ ಮೇಲೆ ನೀಲಿ ಶಂಕುವಿನಾಕಾರದ ಟೋಪಿ, ಅದರ ತುದಿಯಲ್ಲಿ ಬಲ್ಬು. ರಸ್ತೆಯ ಮೇಲಿಡುವಂಥ ಶಂಕುವನ್ನು ನೀಲಿ ಬಣ್ಣದಲ್ಲಿ ಅದ್ದಿ, ಮೇಲೊಂದು ಬಲ್ಬು ಸಿಕ್ಕಿಸಿ ಅದೇ ವೇಷ ಕಟ್ಟಬೇಕೆಂದು ಮೊದಲು ಹೇಳಿದವರು ಪಕ್ಕದಲ್ಲಿ ಕುಳಿತಿದ್ದ ನಮ್ಮತ್ತೆ. ಅವರಿಗೆ ಇಂಗ್ಲಿಷ್ ಬಾರದು. ಆದರೆ ಈ ಆಟದಲ್ಲಿ ಸಂಭಾಷಣೆಯೇ ಇಲ್ಲ. ಪಾತ್ರಗಳ ಬೇಕುಬೇಡಗಳೆಲ್ಲ ತಲೆಯ ಮೇಲಿನ ಗುಳ್ಳೆಯೊಳಗೆ ಚಲಿಸುವ ಚಿತ್ರಗಳಾಗಿ ಮೂಡುತ್ತವೆ. ಭಾಷೆ ಅಡ್ಡಬರದ ಕಾರಣ ಆಟ ನಮ್ಮಿಬ್ಬರಿಗೂ ಸಮಾನವಾಗಿ ದಕ್ಕಿತು. ಇದು ಈ ಆಟದ ಬಹುದೊಡ್ಡ ಗುಣವೆಂದು ನಾನು ನಂಬಿದ್ದೇನೆ.

ಜೋಸೆಫ್‌ನನ್ನು ಸುಮ್ಮನೆ ನಿಲ್ಲಿಸಿದರೆ ಅವನ ಹಳೆಯ ನೆನಪುಗಳೂ ಅಂಥದೇ ಗುಳ್ಳೆಯಲ್ಲಿ ತೇಲಿಬರುತ್ತವೆ. ದಾರಿ ತೋಚದಿದ್ದಾಗ ನಾನು ಮೌಸ್‌ನಿಂದ ಕೈ ತೆಗೆದು ಅವನ್ನು ನೋಡುತ್ತಿದ್ದೆ. ಅವು ಒಗಟನ್ನು ಬಿಡಿಸಿಕೊಡುವುದಿಲ್ಲ, ಆದರೆ ಬೆರ್ತಾ ಅವನಿಗೆ ಯಾರು, ಆ ಪುಂಡರು ಅವನನ್ನು ಹೇಗೆ ಕಾಡಿದರು ಎಂಬುದು ತಿಳಿದ ಮೇಲೆ ಮುಂದುವರಿಯುವ ಹುಮ್ಮಸ್ಸು ಹೆಚ್ಚುತ್ತದೆ. ಅದೂ ಸಾಲದಾದಾಗ ಪರದೆಯ ಮೇಲಿನ ಬಲ್ಬಿನ ಗುರುತನ್ನು ಒತ್ತುತ್ತಿದ್ದೆ. ಅದು ಪ್ರತಿ ದೃಶ್ಯಕ್ಕೂ ಒಂದೇ ಸುಳಿವನ್ನು, ಮುಖ್ಯವಾಗಿ ಏನಾಗಬೇಕೆಂಬುದನ್ನು ಮಾತ್ರ ತೋರಿಸುವುದರಿಂದ ಬಿಡಿಸುವ ಸಂತೋಷ ನಮ್ಮದಾಗಿಯೇ ಉಳಿಯುತ್ತದೆ. ಪುಸ್ತಕದಲ್ಲಾದರೋ ಪೂರ್ಣ ಪರಿಹಾರ ಚಿತ್ರಗಳಲ್ಲಿದೆ. ಅದನ್ನು ತೆರೆಯಲು ಹಾರುವ ಕೀಲಿಕೈಯಿಂದ ಜೇಡಗಳನ್ನು ಹೊಡೆಯುವ ಪುಟ್ಟ ಆಟವನ್ನು ಗೆಲ್ಲಬೇಕು. ಬೇಸರ ಹುಟ್ಟಿಸಿ ನಮ್ಮನ್ನು ಒಗಟಿಗೇ ಹಿಂದಕ್ಕೆ ಕಳಿಸುವ ಈ ಏರ್ಪಾಡು ಬಹಳ ವಿವೇಕದ್ದು.

ಬಾರಿನಲ್ಲಿ ಇನ್ನೊಂದು ರೋಬೋಟ್‌ನ ಎದುರು ಕುಳಿತು ಐದು ಕಾಯಿಗಳನ್ನು ಒಂದೇ ಸಾಲಿಗೆ ತರುವ ಪಂದ್ಯವೊಂದಿದೆ. ಇಲ್ಲಿ ವಸ್ತುಗಳ ಹುಡುಕಾಟವಿಲ್ಲ, ಲೆಕ್ಕಾಚಾರ ಮಾತ್ರ. ಎರಡೂ ತುದಿ ಖಾಲಿಯಿರುವ ಮೂರರ ಸಾಲನ್ನು ಎದುರಾಳಿ ಕೂಡಲೇ ತಡೆಯದಿದ್ದರೆ ಅದು ನಾಲ್ಕಾಗುತ್ತದೆ, ಆಗ ಎರಡು ತುದಿಗಳನ್ನೂ ಒಂದೇ ನಡೆಯಲ್ಲಿ ಮುಚ್ಚಲಾಗದು. ನಾನು ಅವನ ಮೂರುಗಳನ್ನು ತಪ್ಪದೆ ತಡೆಯುತ್ತ, ಒಂದೇ ಕಾಯಿಯಿಂದ ಅಡ್ಡಸಾಲಿನಲ್ಲೂ ಓರೆಸಾಲಿನಲ್ಲೂ ಅಂಥ ಮೂರು ಏರ್ಪಡುವ ಮನೆಗಾಗಿ ಕಾದೆ.

ನಾನು ಆಡಿದ್ದು ಕಂಪ್ಯೂಟರಿನಲ್ಲಿ. ಮೌಸ್‌ನ ಬಾಣ ಉಪಯುಕ್ತ ವಸ್ತುವಿನ ಮೇಲೆ ಹಾದಾಗ ರೂಪ ಬದಲಿಸುವುದರಿಂದ, ಜೋಸೆಫ್‌ನನ್ನು ಸರಿಯಾದ ಎತ್ತರದಲ್ಲಿ ನಿಲ್ಲಿಸಿದ ಮೇಲೆ ಹುಡುಕುವುದು ಕಷ್ಟವಾಗಲಿಲ್ಲ. 2011ರಲ್ಲಿ ಬಂದ ಐಪ್ಯಾಡ್ ಆವೃತ್ತಿಯಲ್ಲಿ ಬೆರಳೇ ಬಾಣವಾದ್ದರಿಂದ ಈ ಸೂಚನೆ ಸಿಗುವುದಿಲ್ಲ. ಮೊದಲ ಬಾರಿ ಆಡುವವರಿಗೆ ನಾನು ಮೌಸ್‌ನಲ್ಲೇ ಆಡಿರೆಂದು ಹೇಳುತ್ತೇನೆ.