ಸದ್ದು ನಿಂತಿತು, ಬ್ರೇಕೂ ಸೋತಿತು: ಹೊಸ ಕ್ಯಾರವಾನ್ ಜೊತೆ ಏಳು ತಿಂಗಳು

ಮೆಲ್ಬೋರ್ನ್‌ನ ಉತ್ತರ ಭಾಗದ ಕ್ಯಾಂಪ್‌ಬೆಲ್‌ಫೀಲ್ಡ್‌ನಲ್ಲಿ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಕಟ್ಟುವ ಕಾರ್ಖಾನೆಗಳೂ ಮಾರುವ ಯಾರ್ಡುಗಳೂ ಸಾಲುಸಾಲಾಗಿವೆ. 2023ರ ಸೆಪ್ಟೆಂಬರ್‌ನ ಒಂದು ಶನಿವಾರ ಅಲ್ಲಿಂದ ನಮ್ಮ ಹೊಸ ಕ್ಯಾರವಾನನ್ನು ಕಾರಿಗೆ ಕಟ್ಟಿಕೊಂಡು ಟಾರ್ನೀಟ್‌ನ ಮನೆಗೆ ಹೊರಟೆವು. ರಿಂಗ್ ರೋಡಿನಲ್ಲಿ ಏನೂ ಗೊತ್ತಾಗಲಿಲ್ಲ. ನಮ್ಮ ಬೀದಿಗೆ ತಿರುಗಿ ವೇಗ ಹತ್ತು ಕಿಲೋಮೀಟರಿಗೆ ಇಳಿದಾಗ ಹಿಂದಿನಿಂದ ಕಿರ್ರ್, ಸ್ವಲ್ಪ ಬಿಟ್ಟು ಮತ್ತೆ ಕಿರ್ರ್. ನಾನು ಬ್ರೇಕ್ ಒತ್ತಿರಲೇ ಇಲ್ಲ.

ಸೋಮವಾರ ಮಾರಿದವರಿಗೆ ಫೋನ್ ಮಾಡಿದೆ. "ಹೊಸ ಬ್ರೇಕ್ ಅಲ್ಲವೇ, ಸ್ವಲ್ಪ ಓಡಲಿ, ಲೈನಿಂಗ್ ಕೂತುಕೊಳ್ಳುತ್ತೆ" ಎಂದರು. ಅದು ಸುಳ್ಳೇನೂ ಅಲ್ಲ. ಚಕ್ರದ ಜೊತೆ ತಿರುಗುವ ಹೊಸ ಡ್ರಮ್ಮಿಗೂ ಅದನ್ನು ಉಜ್ಜಿ ನಿಲ್ಲಿಸುವ ಹೊಸ ಲೈನಿಂಗಿಗೂ ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ಬೇಕು. ಸುಮಾರು 65 ಕಿಲೋಮೀಟರ್ ವೇಗದಿಂದ 30ಕ್ಕೆ ಇಳಿಸುವುದು, ಮಧ್ಯೆ ಆರಲು ಬಿಡುವುದು, ಹೀಗೆ ಇಪ್ಪತ್ತು ಮೂವತ್ತು ಸಲ. ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಇದನ್ನು ಶ್ರದ್ಧೆಯಿಂದ ಮಾಡಿದೆ. ಸದ್ದು ಹಾಗೆಯೇ ಇತ್ತು.

ಕ್ಯಾರವಾನ್ ಬ್ರೇಕ್ ಕೆಲಸ ಮಾಡುವ ರೀತಿಯನ್ನು ನಾನು ಆಮೇಲೆ ಕಲಿತೆ, ಮೊದಲೇ ಕಲಿಯಬೇಕಿತ್ತು. ಇಲ್ಲಿನ ಹೆಚ್ಚಿನ ಕ್ಯಾರವಾನ್‌ಗಳಲ್ಲಿರುವುದು ಎಲೆಕ್ಟ್ರಿಕ್ ಡ್ರಮ್ ಬ್ರೇಕ್. ಆಯಿಲ್ ಪೈಪ್ ಇರುವುದಿಲ್ಲ. ಡ್ರಮ್ಮಿನೊಳಗೆ ಒಂದು ಅಲುಗಾಡುವ ತೋಳು, ಅದರ ತುದಿಯಲ್ಲಿ 12 ವೋಲ್ಟಿನ ಮ್ಯಾಗ್ನೆಟ್. ನಾವು ಕಾರಿನ ಬ್ರೇಕ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಕಂಟ್ರೋಲರ್ ಅದಕ್ಕೆ ಕರೆಂಟು ಕೊಡುತ್ತದೆ. ಮ್ಯಾಗ್ನೆಟ್ ತಿರುಗುವ ಡ್ರಮ್ಮಿಗೆ ಅಂಟಿ, ಅದರ ಜೊತೆ ಸರಿದು, ತೋಳನ್ನು ಎಳೆಯುತ್ತದೆ. ತೋಳು ಶೂಗಳನ್ನು, ಅಂದರೆ ಲೈನಿಂಗ್ ಹೊತ್ತ ಬಾಗಿದ ಪಟ್ಟಿಗಳನ್ನು, ಅಗಲಿಸಿ ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಎಷ್ಟು ಕರೆಂಟು ಹೋಗಬೇಕು ಎಂಬುದನ್ನು ಕಂಟ್ರೋಲರಿನ ಗೇನ್ ಎಂಬ ತಿರುಗಣೆ ನಿರ್ಧರಿಸುತ್ತದೆ. ಶೂ ಮತ್ತು ಡ್ರಮ್ ನಡುವಿನ ಅಂತರವನ್ನು ಹಿಂದಿನ ತಟ್ಟೆಯ ಸೀಳಿನೊಳಗೆ ಕೈಯಾಡಿಸಿ, ಹಲ್ಲುಚಕ್ರ ತಿರುಗಿಸಿ ಸರಿ ಮಾಡುತ್ತಾರೆ. ಈ ಹಲ್ಲುಚಕ್ರವೇ ನನ್ನ ಕತೆಯ ತಿರುವು.

ನಮ್ಮದು ಎರಡು ಆಕ್ಸೆಲ್, ನಾಲ್ಕು ಚಕ್ರ, ತುಂಬಿದಾಗ 2,600 ಕಿಲೋ. ಆಸ್ಟ್ರೇಲಿಯಾದಲ್ಲಿ 2,000 ಕಿಲೋ ದಾಟಿದ ಟ್ರೇಲರಿಗೆ ಎಲ್ಲ ಚಕ್ರಗಳಲ್ಲೂ ಬ್ರೇಕ್ ಇರಬೇಕು. ಕೊಂಡಿ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿದು ಕನಿಷ್ಠ 15 ನಿಮಿಷ ಬಿಡದಿರುವ ವ್ಯವಸ್ಥೆಯೂ ಬೇಕು. ಮದ್ದೂರಿನಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಭಾವನಿಗೆ ಇದನ್ನು ಹೇಳಿದಾಗ ಅವರು ಬೆರಗಾದರು. "ಏನಪ್ಪ ಅದು, ಟ್ರ್ಯಾಲಿಗೂ ಬ್ರೇಕಾ? ನಮ್ ಕಬ್ಬಿನ ಟ್ರ್ಯಾಲಿಗೆ ಯಾವ್ ಬ್ರೇಕೂ ಇಲ್ವಲ್ಲ." ಫ್ಯಾಕ್ಟರಿ ದಾರಿಯ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಹಿಂದಿನ ಹೊರೆ ತಳ್ಳಿಕೊಂಡು ಬರುವುದನ್ನು ನೋಡಿ ಬೆಳೆದವನು ನಾನು. ಅದಕ್ಕೇ ಈ ಕಿರ್ರ್ ಸದ್ದನ್ನು ಹಗುರವಾಗಿ ತೆಗೆದುಕೊಳ್ಳಲು ಆಗಲಿಲ್ಲ.

ಸಾವಿರ ಕಿಲೋಮೀಟರಿಗೆ ಮೊದಲ ಸರ್ವಿಸ್. ಬೇರಿಂಗ್, ಬ್ರೇಕ್ ಎರಡನ್ನೂ ನೋಡುವ ಸರ್ವಿಸ್ ಅದು, ತಪ್ಪಿಸಬಾರದು. ಮಾರಿದವರ ವರ್ಕ್‌ಶಾಪಿನಲ್ಲೇ ಮಾಡಿಸಿದೆ. ಸದ್ದಿನ ವಿಷಯವನ್ನು ಬಾಯಲ್ಲಿ ಹೇಳಿದೆ, ಬರೆದುಕೊಡಲಿಲ್ಲ. ಸಂಜೆ ಕೊಟ್ಟ ಚೀಟಿಯಲ್ಲಿದ್ದದ್ದು ಇಷ್ಟೇ: "ಬ್ರೇಕ್ ಅಡ್ಜಸ್ಟ್ ಮಾಡಲಾಗಿದೆ." ವಾಪಸ್ ಬರುವಾಗ ಸದ್ದು ಇರಲಿಲ್ಲ. ಮನೆ ತಲುಪಿ ಅವರಿಗೆ ಧನ್ಯವಾದದ ಮೆಸೇಜನ್ನೂ ಕಳಿಸಿದೆ.

ಡಿಸೆಂಬರ್ ರಜೆಗೆ ಗ್ರ್ಯಾಂಪಿಯನ್ಸ್ ಬೆಟ್ಟಗಳ ಬುಡದ ಹಾಲ್ಸ್ ಗ್ಯಾಪ್‌ಗೆ ಹೋದೆವು, ಬಲ್ಲಾರಟ್, ಅರಾರಟ್ ದಾರಿಯಾಗಿ. ಹೋಗುವಾಗಲೇ ಒಂದು ಬದಲಾವಣೆ ಕಣ್ಣಿಗೆ ಬಿದ್ದಿತ್ತು: ಮೊದಲು ಗೇನ್ 4.5ರಲ್ಲಿ ಚೆನ್ನಾಗಿ ನಿಲ್ಲುತ್ತಿದ್ದ ಕ್ಯಾರವಾನಿಗೆ ಈಗ 7 ಬೇಕಾಗುತ್ತಿತ್ತು. ಸಾಮಾನು ಜಾಸ್ತಿ ತುಂಬಿದ್ದೇವೆ ಎಂದುಕೊಂಡೆ. ಬರುವಾಗ ಪೆಂಟ್‌ಲ್ಯಾಂಡ್ ಹಿಲ್ಸ್‌ನಿಂದ ಬ್ಯಾಕಸ್ ಮಾರ್ಷ್ ಕಡೆ ಇಳಿಯುವ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಹಿಂದಿನಿಂದ ಭಾರವಾದ ನರಳುವಂಥ ಸದ್ದು, ಜೊತೆಗೆ ಕ್ಯಾರವಾನ್ ಕಾರನ್ನು ದೂಡುತ್ತಿರುವುದು ಬೆನ್ನಿಗೇ ಗೊತ್ತಾಯಿತು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ನಿದ್ದೆ ಮಾಡುತ್ತಿದ್ದರು. ಗೇರ್ ಇಳಿಸಿ, ಬ್ಲಿಂಕರ್ ಹಾಕಿ, ಎಡಕ್ಕೆ ನಿಧಾನವಾಗಿ ಇಳಿದೆವು. ಕೆಳಗೆ ನಿಲ್ಲಿಸಿ ಇಳಿದಾಗ ಸುಟ್ಟ ಲೈನಿಂಗ್ ವಾಸನೆ.

ಅಂದು ರಾತ್ರಿ ಭಾವನಿಗೆ ವಾಟ್ಸಾಪ್ ಕರೆ ಮಾಡಿದೆ. "ಭಾವ, ಅವರು ಅಡ್ಜಸ್ಟ್ ಮಾಡಿದ ಮೇಲೆ ಸದ್ದು ಹೋಗಿತ್ತು, ಈಗ ಬ್ರೇಕೇ ಸರಿಯಾಗಿ ಹಿಡೀತಿಲ್ಲ" ಎಂದೆ. ಅವರು ತಕ್ಷಣ ಹಿಡಿದುಬಿಟ್ಟರು. "ಶೂ ಲೂಸ್ ಮಾಡಿದ್ರೆ ಯಾವ್ ಡ್ರಮ್ಮಾದ್ರೂ ಸುಮ್ನಾಗುತ್ತೆ ಕಣಪ್ಪ. ರೋಗ ಒಳ್ಗೇ ಇರುತ್ತೆ. ಡ್ರಮ್ ಬಿಚ್ಚುಸ್ದೆ ಸರಿಯಾಯ್ತು ಅಂತ ಯಾರ್ ಹೇಳುದ್ರೂ ನಂಬ್‌ಬ್ಯಾಡ."

ಸದ್ದು ಹೋಗುವುದು ಬೇರೆ, ರಿಪೇರಿ ಆಗುವುದು ಬೇರೆ ಎಂಬುದು ನನ್ನ ತಲೆಗೆ ಹೊಕ್ಕಿದ್ದು ಅವತ್ತೇ. ವಾರಂಟಿ ಚೀಟಿಯಲ್ಲಿ "ಅಡ್ಜಸ್ಟ್" ಎಂಬ ಒಂದು ಪದ ಕಂಡರೆ ಈಗ ನಾನು ಮೂರು ಪ್ರಶ್ನೆ ಕೇಳುತ್ತೇನೆ: ಯಾವ ಚಕ್ರ, ಬಿಗಿ ಮಾಡಿದಿರೋ ಸಡಿಲ ಮಾಡಿದಿರೋ, ಡ್ರಮ್ ತೆಗೆದು ನೋಡಿದಿರೋ.

ಮರುದಿನ ಎರಡು ಸಾಧನ ತಂದೆ. ಒಂದು ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಇನ್ನೊಂದು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್. ಕ್ಲ್ಯಾಂಪ್ ಮೀಟರ್ ಕೊಳ್ಳುವಾಗ ಡಿಸಿ ಅಳೆಯುತ್ತದೆಯೇ ನೋಡಿಕೊಳ್ಳಿ, ಅಗ್ಗದ ಹಲವು ಎಸಿ ಮಾತ್ರ ಅಳೆಯುತ್ತವೆ.

ಮೊದಲು ಬಿಸಿ. ಅಕ್ಕಪಕ್ಕದ ರಸ್ತೆಗಳಲ್ಲೇ ಕಡಿಮೆ ವೇಗದಲ್ಲಿ, ಸಿಗ್ನಲ್‌ಗಳಲ್ಲಿ ನಿಲ್ಲುತ್ತಾ ಒಂದು ಸುತ್ತು ಹೊಡೆದು, ನಿಲ್ಲಿಸಿದ ತಕ್ಷಣ ನಾಲ್ಕೂ ಡ್ರಮ್ಮುಗಳ ಒಂದೇ ಜಾಗಕ್ಕೆ ಥರ್ಮಾಮೀಟರ್ ಹಿಡಿದೆ. ಬಲ ಮುಂದಿನದು 96 ಡಿಗ್ರಿ, ಎಡ ಹಿಂದಿನದು 92. ಎಡ ಮುಂದಿನದು 41. ಬಲ ಹಿಂದಿನದು 29, ಅಂದಿನ ಹವೆಗಿಂತ ನಾಲ್ಕೇ ಡಿಗ್ರಿ ಹೆಚ್ಚು. ಅಂದರೆ ನಾಲ್ಕು ಚಕ್ರಗಳ ಕೆಲಸವನ್ನು ಎರಡೇ ಮಾಡುತ್ತಿದ್ದವು, ಒಂದು ಅರೆಬರೆ, ಇನ್ನೊಂದು ಏನೂ ಇಲ್ಲ.

ಆಮೇಲೆ ಕರೆಂಟು. ಕಂಟ್ರೋಲರ್ ಕೊಡುವ ಕರೆಂಟು ಬಿಟ್ಟುಬಿಟ್ಟು ಮಿಡಿಯುತ್ತದೆ, ಮೀಟರ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಕಾರಿನಿಂದ ಪ್ಲಗ್ ಕಳಚಿ, ಕೊಂಡಿ ತಪ್ಪಿದಾಗ ಬ್ರೇಕ್ ಹಿಡಿಯುವ ಆ ಸ್ವಿಚ್ಚಿನ ಪಿನ್ ಎಳೆದೆ. ಆಗ ಕ್ಯಾರವಾನಿನ ಬ್ಯಾಟರಿಯಿಂದ ನಾಲ್ಕೂ ಮ್ಯಾಗ್ನೆಟ್‌ಗಳಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಹೋಗುತ್ತದೆ. ಸ್ವಿಚ್ಚಿನಿಂದ ಹೊರಡುವ ವೈರಿಗೆ ಮೀಟರ್ ಹಾಕಿದೆ. ಒಂದೊಂದು ಮ್ಯಾಗ್ನೆಟ್ 3ರಿಂದ 4 ಆಂಪ್ಸ್ ಎಳೆಯಬೇಕು, ನಾಲ್ಕಕ್ಕೆ 14ರ ಆಸುಪಾಸು. ಬಂದದ್ದು 10.8. ಮೂರೇ ಮ್ಯಾಗ್ನೆಟ್‌ನ ಲೆಕ್ಕ. ಈ ಪರೀಕ್ಷೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ, ಮ್ಯಾಗ್ನೆಟ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಪಿನ್ ಮರಳಿ ಹಾಕಲು ಮರೆಯಬೇಡಿ.

ಹಳೆಯ ಕಿರ್ರ್ ಸದ್ದಿನ ರೆಕಾರ್ಡಿಂಗ್ ಅದೃಷ್ಟಕ್ಕೆ ಫೋನಿನಲ್ಲಿತ್ತು. ಸೆಪ್ಟೆಂಬರಿನಲ್ಲಿ ಹೆಂಡತಿ ಖಾಲಿ ಪಾರ್ಕಿಂಗಿನಲ್ಲಿ ಮೆಲ್ಲಗೆ ಕಾರು ಓಡಿಸುತ್ತಿದ್ದರೆ ನಾನು ಪಕ್ಕದಲ್ಲಿ, ಚಕ್ರದಿಂದ ದೂರ ಇಟ್ಟುಕೊಂಡು, ಓಡುನಡಿಗೆಯಲ್ಲಿ ಫೋನ್ ಹಿಡಿದಿದ್ದೆ. ನಮ್ಮ ಟೈರಿನ ಸುತ್ತಳತೆ ಸುಮಾರು 2.3 ಮೀಟರ್. ಹತ್ತು ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ರೆಕಾರ್ಡಿಂಗಿನಲ್ಲಿ ಹತ್ತು ಸೆಕೆಂಡಿಗೆ ಹನ್ನೆರಡು ಕಿರ್ರ್. ಸುತ್ತಿಗೆ ಒಂದು ಸಲ, ಎಡ ಮುಂದಿನ ಚಕ್ರದಲ್ಲಿ. ಲೈನಿಂಗ್ ಕೂರದೆ ಬರುವ ಸದ್ದು ಹೀಗೆ ಲೆಕ್ಕ ಇಟ್ಟು ಬರುವುದಿಲ್ಲ. ಡ್ರಮ್ ದುಂಡಗಿಲ್ಲ ಎಂಬ ಅನುಮಾನ ನನಗೆ ಗಟ್ಟಿಯಾದದ್ದು ಇದರಿಂದ.

ಎಲ್ಲ ಸದ್ದೂ ಕೆಟ್ಟದ್ದಲ್ಲ ಎಂದೂ ಹೇಳಬೇಕು. ನಿಂತಲ್ಲೇ ಬ್ರೇಕ್ ಒತ್ತಿದಾಗ ಕೇಳುವ ಸಣ್ಣ ಗುಂಯ್ ಸದ್ದು ಮ್ಯಾಗ್ನೆಟ್ಟಿನದು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕ್ಯಾರವಾನ್ ಮೊದಲ ಕೆಲವು ಬ್ರೇಕಿಗೆ ಉಜ್ಜುತ್ತದೆ, ತುಕ್ಕಿನ ಪುಡಿ ಉದುರಿದರೆ ಸರಿಹೋಗುತ್ತದೆ. ರಿವರ್ಸ್ ಹಾಕಿದಾಗ ಒಂದು ಟಕ್ ಸಹಜ. ಬ್ರೇಕ್ ಒತ್ತದಿದ್ದರೂ ಬರುವ ಸದ್ದು, ಸುತ್ತಿಗೊಮ್ಮೆ ಬರುವ ಸದ್ದು, ವಾಸನೆಯ ಜೊತೆ ಬರುವ ಸದ್ದು, ಇವನ್ನು ಬಿಡಬಾರದು.

ಇಷ್ಟು ಕೈಯಲ್ಲಿ ಇಟ್ಟುಕೊಂಡು ಫೋನ್ ಮಾಡಿದರೆ ಮಾರಿದವರು, "ಆಕ್ಸೆಲ್ ನಾವು ಮಾಡಿದ್ದಲ್ಲ, ತಯಾರಕರನ್ನು ಕೇಳಿ" ಎಂದರು. ತಯಾರಕರು ಮಾರಿದವರ ಕಡೆ ಕೈ ತೋರಿಸಿದರು. ಹದಿನೈದು ದಿನ ಹೀಗೇ ಹೋಯಿತು. ನನಗೊಬ್ಬನಿಗೇ ಆದದ್ದಲ್ಲ ಇದು. ಎಸಿಸಿಸಿ ಎಂದು ಎಲ್ಲರೂ ಕರೆಯುವ ಇಲ್ಲಿನ ಗ್ರಾಹಕ ಆಯೋಗ ಹೊಸ ಕ್ಯಾರವಾನ್ ಮಾರಾಟದ ಬಗ್ಗೆ 2022ರಲ್ಲಿ ಕೊಟ್ಟ ವರದಿಯಲ್ಲಿ, ಸಮೀಕ್ಷೆಗೆ ಉತ್ತರಿಸಿದವರಲ್ಲಿ 80 ಶೇಕಡಾ ಜನ ತಮ್ಮ ಕ್ಯಾರವಾನಿನಲ್ಲಿ ತೊಂದರೆ ಕಂಡಿದ್ದಾಗಿ ಹೇಳಿದ್ದರು.

ಕಾನೂನು ಓದಿದ ಮೇಲೆ ಮನಸ್ಸು ಗಟ್ಟಿಯಾಯಿತು. 2011ರ ಜನವರಿಯಿಂದ ಜಾರಿಯಲ್ಲಿರುವ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಪ್ರಕಾರ, ಮಾರಿದವನು ಗ್ರಾಹಕನನ್ನು ತಯಾರಕನ ಬಳಿಗೆ ಅಟ್ಟುವಂತಿಲ್ಲ. ದೋಷವನ್ನು ನ್ಯಾಯವಾದ ಸಮಯದಲ್ಲಿ ಸರಿಪಡಿಸುವ ಹೊಣೆ ಅವನದೇ. ಕಂಪನಿ ಕೊಡುವ ವಾರಂಟಿ ಪುಸ್ತಕ ಇದರ ಮೇಲಿನದು, ಇದರ ಬದಲಿನದಲ್ಲ. ಅವನು ಮಾಡದಿದ್ದರೆ ಬೇರೆ ಕಡೆ ಮಾಡಿಸಿ ನ್ಯಾಯವಾದ ಖರ್ಚು ವಸೂಲು ಮಾಡಬಹುದು. 2020ರ ಡಿಸೆಂಬರಿನ ತಿದ್ದುಪಡಿಯಿಂದ, ಒಂದೊಂದಾಗಿ ನೋಡಿದರೆ ಸಣ್ಣದೆನಿಸುವ ಹಲವು ದೋಷಗಳು ಸೇರಿ ಒಂದು ದೊಡ್ಡ ದೋಷ ಎಂದು ಎಣಿಕೆಯಾಗಬಹುದು. ನನ್ನ ಪಟ್ಟಿಯಲ್ಲಿ ಬ್ರೇಕ್ ಅಲ್ಲದೆ ಕಿಟಕಿಯಿಂದ ಸೋರುವ ನೀರು, ಸರಿಯಾಗಿ ಕೂರದ ಬಾಗಿಲ ಚಿಲಕವೂ ಇದ್ದವು.

ಮಾರಿದವರಿಗೆ ಇಮೇಲ್ ಬರೆದೆ. ಒಂದೂವರೆ ಪುಟ. ಸಿಟ್ಟಿನ ಒಂದು ಪದವನ್ನೂ ಹಾಕಲಿಲ್ಲ, ಹೆಂಡತಿ ಎರಡು ಸಲ ಓದಿ ಅಂಥವನ್ನು ಕಿತ್ತುಹಾಕಿದಳು. ತಾರೀಖು, ಓಡಿದ ಕಿಲೋಮೀಟರ್, ಗೇನ್ 4.5ರಿಂದ 7ಕ್ಕೆ ಏರಿದ್ದು, ನಾಲ್ಕು ಡ್ರಮ್ಮಿನ ಬಿಸಿ, 10.8 ಆಂಪ್ಸ್, ರೆಕಾರ್ಡಿಂಗ್, ಸರ್ವಿಸ್ ಚೀಟಿಯ ಫೋಟೋ. ಕೇಳಿದ್ದು ಎರಡೇ: ಡ್ರಮ್ ಬಿಚ್ಚಿ ಪರೀಕ್ಷಿಸಿ ದೋಷವನ್ನು ಬರಹದಲ್ಲಿ ಕೊಡಿ, ಹದಿನಾಲ್ಕು ದಿನದೊಳಗೆ ರಿಪೇರಿಯ ದಿನ ಹೇಳಿ. ಇಲ್ಲದಿದ್ದರೆ ವಿಕ್ಟೋರಿಯಾದ ವಿಕ್ಯಾಟ್ ನ್ಯಾಯಮಂಡಳಿಗೆ ಹೋಗುತ್ತೇನೆ ಎಂದು ಕೊನೆಯ ಸಾಲು.

ಮೂರನೇ ದಿನ ಫೋನ್ ಬಂತು, ಕ್ಯಾರವಾನ್ ಎಳೆದುಕೊಂಡು ಬನ್ನಿ ಎಂದರು. ಎರಡೂವರೆ ಬ್ರೇಕಿನ ಮೇಲೆ ರಿಂಗ್ ರೋಡಿಗೆ ಇಳಿಸಲು ನಾನು ಒಪ್ಪಲಿಲ್ಲ. ಗಾತ್ರದಿಂದಾಗಿ ಹಿಂದಿರುಗಿಸಲು ದೊಡ್ಡ ಖರ್ಚಾಗುವ ವಸ್ತುವನ್ನು ಮಾರಿದವರೇ ತಮ್ಮ ಖರ್ಚಿನಲ್ಲಿ ಒಯ್ಯಬೇಕೆಂದು ಕಾನೂನಿನಲ್ಲಿದೆ ಎಂದು ತಿಳಿಸಿದೆ. ಅವರು ಮನೆಗೇ ಮೆಕ್ಯಾನಿಕ್‌ನನ್ನು ಕಳಿಸಿದರು.

ಬಂದವರು ಕೆಲಸ ಬಲ್ಲ ಮನುಷ್ಯ. ನನ್ನ ಅಂಕಿಗಳನ್ನು ಓದಿ ನೇರ ಎಡ ಮುಂದಿನ ಚಕ್ರಕ್ಕೆ ಹೋದರು. ಡ್ರಮ್ಮಿನ ಒಳಮೈಯಲ್ಲಿ ಅಂಗೈ ಅಗಲದ ಒಂದು ಜಾಗ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು, ಉಳಿದದ್ದು ಮಂಕು. ಏರುತಗ್ಗು ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ, ಡ್ರಮ್ ಅಂಡಾಕಾರ ಎಂದು ನನಗೂ ತೋರಿಸಿದರು. ಶೂಗಳನ್ನು ತೀರಾ ಸಡಿಲ ಮಾಡಿದ್ದೂ ಕಂಡಿತು. ಬಲ ಹಿಂದಿನ ಚಕ್ರದಲ್ಲಿ ಮ್ಯಾಗ್ನೆಟ್ ಚೆನ್ನಾಗೇ ಇತ್ತು, ಆದರೆ ಚಾಸಿಯ ಕೆಳಗಿನ ವೈರ್ ಜೋಡಣೆಯನ್ನು ಸರಿಯಾಗಿ ಒತ್ತದೆ ಬರೀ ಟೇಪ್ ಸುತ್ತಿದ್ದರು. ಬೆರಳಲ್ಲಿ ಎಳೆದರೆ ಕಳಚಿ ಬಂತು. ಆ ಚಕ್ರಕ್ಕೆ ಕಾರ್ಖಾನೆಯಿಂದಲೂ ಬ್ರೇಕ್ ಇರಲಿಲ್ಲವೋ ಏನೋ. ಸದ್ದು ಮಾಡಿದ ಚಕ್ರವನ್ನು ಹುಡುಕುತ್ತಾ ಹೋಗಿ ಸದ್ದೇ ಮಾಡದ ಈ ಚಕ್ರ ಸಿಕ್ಕಿತು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಭಾಗಗಳು ಬರಲು ಮೂರು ವಾರ. ಮುಂದಿನ ಆಕ್ಸೆಲ್ಲಿನ ಎರಡೂ ಬದಿಗೆ ಹೊಸ ಡ್ರಮ್, ಹೊಸ ಶೂ. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ, ಅದನ್ನು ನಾನು ಪಟ್ಟು ಹಿಡಿದು ಕೇಳಿದೆ. ವೈರ್ ಜೋಡಣೆ ನಾಲ್ಕೂ ಕಡೆ ಹೊಸದಾಗಿ ಮಾಡಿಸಿದೆ. ಹಲ್ಲುಚಕ್ರವನ್ನು ಚಕ್ರ ಕೈಗೆ ತಿರುಗದಷ್ಟು ಬಿಗಿ ಮಾಡಿ, ಆಮೇಲೆ ಸಣ್ಣಗೆ ಉಜ್ಜುತ್ತಾ ಸಲೀಸಾಗಿ ತಿರುಗುವ ತನಕ ಹಿಂದೆ ತಂದರು. ಕಿಟಕಿ, ಚಿಲಕ ಅದೇ ದಿನ ಆದವು. ಹೊರಡುವ ಮೊದಲು ಎಲ್ಲವನ್ನೂ ಚಕ್ರದ ಹೆಸರು ಸಮೇತ ಬರೆದು ಸಹಿ ಹಾಕಿ ಕೊಟ್ಟರು. ಪಿನ್ ಎಳೆದು ನೋಡಿದೆವು: 14.3 ಆಂಪ್ಸ್.

ಮತ್ತೆ ಮೂವತ್ತು ಸಲ 65ರಿಂದ 30ಕ್ಕೆ. ಏಪ್ರಿಲ್‌ನ ಶಾಲಾ ರಜೆಯಲ್ಲಿ ಬೇಕೆಂದೇ ಬಲ್ಲಾರಟ್‌ಗೆ ಹೋಗಿ ಅದೇ ಇಳಿಜಾರಿನಲ್ಲಿ ಇಳಿದೆವು, ಗೇನ್ 4.5. ಬ್ಯಾಕಸ್ ಮಾರ್ಷ್‌ನಲ್ಲಿ ನಿಲ್ಲಿಸಿದ ಕೂಡಲೇ ದೊಡ್ಡ ಮಗಳು ಥರ್ಮಾಮೀಟರ್ ಕಸಿದುಕೊಂಡು ನಾಲ್ಕೂ ಚಕ್ರ ಸುತ್ತಿ ಬಂದು ಒಂದೊಂದೇ ಅಂಕಿ ಕೂಗಿದಳು. 71, 74, 70, 73. ನಾನು ಪುಸ್ತಕದಲ್ಲಿ ಬರೆದುಕೊಂಡು, ಅದರ ಫೋಟೋ ತೆಗೆದು ಭಾವನಿಗೆ ಕಳಿಸಿದೆ.